ಮೇ ತಿಂಗಳ ಸ್ವೆಟರ್

ಮೇ ತಿಂಗಳಲ್ಲಿ ವಿಜಯಪುರದವರು ಮಧ್ಯಾಹ್ನ ಹೊರಬೀಳುವುದೇ ಕಡಿಮೆ. ಬೀಳಲೇಬೇಕಾದರೆ ತಲೆಗೊಂದು ಟವೆಲ್ ಸುತ್ತಿಕೊಂಡು ನೆರಳು ಹುಡುಕುತ್ತ ನಡೆಯುತ್ತಾರೆ. ಉಷ್ಣಾಂಶ 40 ಡಿಗ್ರಿ ದಾಟಿದ್ದ ಅಂಥ ಒಂದು ಮಧ್ಯಾಹ್ನ, ಹದಿಮೂರು ವರ್ಷದ ಹುಡುಗಿಯೊಬ್ಬಳು ತುಂಬುತೋಳಿನ ಉಣ್ಣೆಯ ಸ್ವೆಟರ್ ಹಾಕಿಕೊಂಡು ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬಂದಳು. ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿತ್ತು. ತೋಳಿನ ತುದಿಯನ್ನು ಬೆರಳುಗಳಿಂದ ಎಳೆದು ಹಿಡಿದಿದ್ದಳು. ತಾಯಿ ಕುಳಿತುಕೊಳ್ಳುವ ಮೊದಲೇ ದೂರು ಶುರು ಮಾಡಿದರು: "ಇಂಥ ಬಿಸಿಲಿನಲ್ಲೂ ತೆಗೆಯುವುದಿಲ್ಲ ಮೇಡಂ. ಬರೀ ಹಟ."

ಬೇಸಿಗೆಯಲ್ಲಿ ತೋಳು ಮುಚ್ಚಿಕೊಂಡು ಓಡಾಡುವ ಹರೆಯದ ಮಕ್ಕಳನ್ನು ಕಂಡರೆ ನಮ್ಮ ವೃತ್ತಿಯವರ ಮನಸ್ಸು ಮೊದಲು ಓಡುವುದು ಅವರು ತಾವೇ ಮಾಡಿಕೊಂಡಿರಬಹುದಾದ ಬ್ಲೇಡಿನ ಗಾಯಗಳ ಕಡೆಗೆ. ತಾಯಿಯನ್ನು ಹೊರಗೆ ಕೂರಿಸಿದೆ. ಹುಡುಗಿಯನ್ನು ನೇರವಾಗಿಯೇ ಕೇಳಿದೆ, ಅವಳು ಒಪ್ಪಿದ ಮೇಲೆ ತೋಳನ್ನೂ ನೋಡಿದೆ. ಗಾಯವಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು ಅವಳು ಹೇಳಿದ್ದಿಷ್ಟು: ಎರಡು ವರ್ಷದ ಹಿಂದೆ ಸಂಕ್ರಾಂತಿಗೆ, ಸಿದ್ಧೇಶ್ವರ ಜಾತ್ರೆಗೆಂದು ಬಟ್ಟೆ ತೆಗೆಯಲು ಹೋದಾಗ ಅವಳು ತೋಳಿಲ್ಲದ ಫ್ರಾಕ್ ಒಂದನ್ನು ಎತ್ತಿಕೊಂಡಿದ್ದಳು. ತಾಯಿ ಅದನ್ನು ಕಿತ್ತು ಪಕ್ಕಕ್ಕಿಟ್ಟು, "ನಿನ್ನ ತೋಳು ಥೇಟ್ ನಿನ್ನ ಅತ್ತೆಯ ತೋಳು, ಕಂಬ ಕಂಬ. ಇದನ್ನು ಹಾಕಿಕೊಂಡರೆ ಮಂದಿ ನಕ್ಕಾರು" ಎಂದಿದ್ದರು. ಮಂದಿ ನಗುವವರೆಗೆ ಕಾಯಬೇಕಾಗಿರಲಿಲ್ಲ, ಬಟ್ಟೆ ತೋರಿಸುತ್ತಿದ್ದ ಹುಡುಗ ಅಲ್ಲೇ ನಕ್ಕಿದ್ದನಂತೆ. (ಇಲ್ಲಿ ಬರುವ ವಿವರಗಳನ್ನೆಲ್ಲ ಗುರುತು ಸಿಗದಂತೆ ಬದಲಿಸಿದ್ದೇನೆ.)

ತಾಯಿಯನ್ನು ಒಳಗೆ ಕರೆದು ಕೇಳಿದರೆ ಅವರಿಗೆ ಆ ಮಾತು ನೆನಪೇ ಇಲ್ಲ. ನನಗೆ ಇದು ಹೊಸದಲ್ಲ. ಹೇಳಿದವರು ಬಿಲ್ಲು ಕಟ್ಟಿ ಅಂಗಡಿಯ ಮೆಟ್ಟಿಲಿಳಿಯುವಷ್ಟರಲ್ಲಿ ಮರೆತಿರುತ್ತಾರೆ.

ಬಟ್ಟೆಯ ವಿಷಯದಲ್ಲಿ ತಂದೆತಾಯಿ "ಬೇಡ" ಎನ್ನಲೇಬಾರದು ಎಂಬ ಪಾಠ ನನ್ನಲ್ಲಿಲ್ಲ. ತುಟ್ಟಿಯಾಯಿತು, ಬೇಡ. ಮದುವೆಮನೆಗೆ ಈ ಚಡ್ಡಿ ಬೇಡ. ಇಂಥ "ಬೇಡ"ಗಳಿಗೆ ಮಕ್ಕಳು ಅತ್ತು, ಕಾಲು ಅಪ್ಪಳಿಸಿ, ಸಂಜೆಗೆ ಮರೆತು ಆಟಕ್ಕೆ ಹೋಗುತ್ತಾರೆ. ಅಲ್ಲಿ ತಪ್ಪು ಅಂಗಿಯದು ಅಥವಾ ಜೇಬಿನದು. "ನಿನ್ನ ಬಣ್ಣಕ್ಕೆ ಹಳದಿ ಒಪ್ಪುವುದಿಲ್ಲ", "ಈ ಹೊಟ್ಟೆ ಇಟ್ಟುಕೊಂಡು ಇನ್‌ಶರ್ಟ್ ಮಾಡುತ್ತೀಯಾ" ಎಂದ ಕೂಡಲೇ ತಪ್ಪು ಅಂಗಿಯಿಂದ ಕಳಚಿ ಮಗುವಿನ ಮೈಗೆ ಅಂಟುತ್ತದೆ. ಅಂಗಿ ಒಂದು ವರ್ಷಕ್ಕೆ ಗಿಡ್ಡವಾಗಿ ತಮ್ಮನಿಗೆ ಹೋಗುತ್ತದೆ, ಮಾತು ಮಾತ್ರ ಇವನ ಹತ್ತಿರವೇ ಉಳಿಯುತ್ತದೆ. ಬ್ರಯಾನ್ ಬಾರ್ಬರ್ ಎಂಬ ಸಂಶೋಧಕರು 1996ರಲ್ಲಿ ಪಾಲಕರ ಹಿಡಿತವನ್ನು ಎರಡಾಗಿ ಬಿಡಿಸಿ ನೋಡಿದರು: ನಡವಳಿಕೆಯ ಮೇಲಿನ ಹಿಡಿತ, ಮನಸ್ಸಿನ ಮೇಲಿನ ಹಿಡಿತ. ನಾಚಿಕೆ ಹುಟ್ಟಿಸಿ, ಪ್ರೀತಿ ಹಿಂತೆಗೆದು ಮಗುವನ್ನು ಬಗ್ಗಿಸುವುದು ಎರಡನೆಯದು. ಬಟ್ಟೆಯ ಅಂಗಡಿಯಲ್ಲಿ ಒಂದೇ ವಾಕ್ಯದಲ್ಲಿ ಮೊದಲನೆಯದರಿಂದ ಎರಡನೆಯದಕ್ಕೆ ಜಾರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಹಬ್ಬದ ಗದ್ದಲದಲ್ಲಿ ನಾನೂ ನನ್ನ ಮಗನೆದುರು ಜಾರಿದ್ದೇನೆ.

ವಯಸ್ಸೂ ಇಲ್ಲಿ ದೊಡ್ಡ ಮಾತು. ಕನ್ನಡಿಯಲ್ಲಿರುವುದು ತಾನೇ ಎಂದು ಮಗುವಿಗೆ ಗೊತ್ತಾಗುವುದು ಸುಮಾರು ಒಂದೂವರೆಯಿಂದ ಎರಡು ವರ್ಷದೊಳಗೆ. ಮೂಗಿಗೆ ತಿಳಿಯದಂತೆ ಬಣ್ಣ ಹಚ್ಚಿ ಕನ್ನಡಿಯ ಮುಂದೆ ಬಿಟ್ಟರೆ, ಕನ್ನಡಿಯನ್ನು ಬಿಟ್ಟು ತನ್ನ ಮೂಗನ್ನೇ ಒರೆಸಿಕೊಳ್ಳುತ್ತದೆ. "ನಾನೇ ಹಾಕಿಕೊಳ್ಳುತ್ತೇನೆ" ಎಂಬ ರಂಪ ಶುರುವಾಗುವುದೂ ಹೆಚ್ಚುಕಡಿಮೆ ಆಗಲೇ. ಎಡಗಾಲಿನ ಚಪ್ಪಲಿ ಬಲಗಾಲಿಗೆ, ಗುಂಡಿ ಒಂದು ಮನೆ ಮೇಲೆ. ತಿದ್ದಬೇಡಿ ಎಂದರೆ ಅಜ್ಜಿಯಂದಿರಿಗೆ ನನ್ನ ಮೇಲೆ ಸಿಟ್ಟು. ಹನ್ನೆರಡು ಹದಿಮೂರಕ್ಕೆ ಬಂದರೆ ಆಟ ಬೇರೆ. ಆಗ ಮಕ್ಕಳಿಗೆ ಇಡೀ ಊರು ತಮ್ಮನ್ನೇ ನೋಡುತ್ತಿದೆ ಎನ್ನಿಸುತ್ತದೆ. ಡೇವಿಡ್ ಎಲ್ಕೈಂಡ್ 1967ರಲ್ಲಿ ಇದನ್ನು ಕಲ್ಪಿತ ಪ್ರೇಕ್ಷಕರು ಎಂದು ಕರೆದರು. ಆ ಪ್ರೇಕ್ಷಕರು ಏನು ಮಾತಾಡಿಕೊಳ್ಳುತ್ತಾರೆ ಎಂಬುದನ್ನು ಮಗು ಸ್ವಂತ ಕಲ್ಪನೆಯಿಂದಷ್ಟೇ ಕಟ್ಟಿಕೊಳ್ಳುವುದಿಲ್ಲ. "ಮಂದಿ ಏನಂದಾರು" ಎಂದು ನಾವು ದಿನಾ ಹೇಳಿ ಹೇಳಿ ಅವರ ಸಂಭಾಷಣೆಯನ್ನು ಬರೆದುಕೊಟ್ಟಿರುತ್ತೇವೆ.

ಬೈಗುಳವೇ ಇಲ್ಲದ ಹಿಡಿತವೂ ಉಂಟು. ಬಾಗಲಕೋಟೆಯ ನವನಗರದಲ್ಲಿ ಕೋಣೆ ಮಾಡಿಕೊಂಡು ಎಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬ ಬಂದಿದ್ದ, ಹತ್ತೊಂಬತ್ತು ವರ್ಷ. ಅವನ ದೂರು, ಯಾವ ನಿರ್ಧಾರವೂ ಆಗುವುದಿಲ್ಲ, ಪರೀಕ್ಷೆಯಲ್ಲಿ ಎರಡು ಪ್ರಶ್ನೆಗಳಲ್ಲಿ ಯಾವುದನ್ನು ಬರೆಯಲಿ ಎಂದು ಕಾಲು ಗಂಟೆ ಕಳೆಯುತ್ತಾನೆ. ಮಾತಿನ ನಡುವೆ ಗೊತ್ತಾಯಿತು: ದಿನಾ ಬೆಳಿಗ್ಗೆ ಎರಡು ಅಂಗಿಗಳನ್ನು ಹಾಸಿಗೆಯ ಮೇಲೆ ಹರಡಿ ಮೊಬೈಲ್‌ನಲ್ಲಿ ಫೋಟೊ ತೆಗೆದು ಅವ್ವನಿಗೆ ಕಳಿಸುತ್ತಾನೆ. ಉತ್ತರ ಬರುವವರೆಗೆ ಬನಿಯನ್ ಮೇಲೆ ಕೂತಿರುತ್ತಾನೆ. ಅವ್ವ ಒಂದು ದಿನವೂ ಹೀಯಾಳಿಸಿದವರಲ್ಲ, ಪ್ರೀತಿಯ ಮುದ್ದೆ. "ನನ್ನನ್ನು ಕೇಳದೆ ಒಂದು ಅಂಗಿ ತೊಡುವುದಿಲ್ಲ ನನ್ನ ಮಗ" ಎಂದು ನನ್ನೆದುರೇ ಹಿಗ್ಗಿದರು. ಅವನ ತೊಂದರೆಗೆಲ್ಲ ಅಂಗಿಯೇ ಕಾರಣ ಎನ್ನಲಾರೆ. ಆದರೆ ನಾವು ಕೆಲಸ ಶುರು ಮಾಡಿದ್ದು ಅಂಗಿಯಿಂದಲೇ: ವಾರಕ್ಕೆ ಒಂದು ದಿನ ಫೋಟೊ ಇಲ್ಲ. ಮೊದಲ ವಾರ ಅವನಿಗಿಂತ ಹೆಚ್ಚು ಚಡಪಡಿಸಿದವರು ಅವ್ವ.

ಶಾಲೆಯ ಸಮವಸ್ತ್ರ ಮಕ್ಕಳನ್ನು ಕುಗ್ಗಿಸುತ್ತದೆಯೇ ಎಂದು ಬಹಳ ಮಂದಿ ಕೇಳುತ್ತಾರೆ. ನನ್ನ ಅನುಭವದಲ್ಲಿ ಅಂಥದ್ದು ಕಡಿಮೆ, ಅದು ಯಾವ ಒಂದು ಮೈಯನ್ನೂ ಬೊಟ್ಟು ಮಾಡಿ ತೋರಿಸುವುದಿಲ್ಲ. ಸಂಪ್ರದಾಯದ ಉಡುಪಿನ ಮೇಲೂ ನನಗೆ ತಕರಾರಿಲ್ಲ. ಗುಳೇದಗುಡ್ಡದ ಖಣದ (ರವಿಕೆಗೆಂದು ನೇಯುವ ಬಟ್ಟೆಯ) ಪರಕಾರ, ಅಂದರೆ ಲಂಗ, ತೊಡುವುದಿಲ್ಲ ಎಂದು ಹತ್ತು ವರ್ಷದ ಹುಡುಗಿಯೊಬ್ಬಳು ಹಟ ಹಿಡಿದಾಗ ಅವಳ ಅಜ್ಜಿ ಟ್ರಂಕು ತೆರೆದು ನಾಲ್ಕು ಖಣಗಳನ್ನು ಮುಂದೆ ಹರಡಿ, "ನಿನಗೆ ಯಾವುದು ಬೇಕೋ ಅದನ್ನು ಏನು ಬೇಕೋ ಹೊಲಿಸಿಕೋ" ಎಂದು ಒಳಗೆ ಹೋದರಂತೆ. ಹುಡುಗಿ ಜಾಕೆಟ್ ಹೊಲಿಸಿಕೊಂಡು ಜೀನ್ಸ್ ಮೇಲೆ ಹಾಕುತ್ತಾಳೆ. ಆ ಅಜ್ಜಿಯನ್ನು ಒಮ್ಮೆ ಭೇಟಿ ಮಾಡಬೇಕೆಂದಿದ್ದೇನೆ.

ಒಂದು ಎಚ್ಚರಿಕೆ. ಕೊರಳಪಟ್ಟಿಯ ಚೀಟಿ ಚುಚ್ಚುತ್ತದೆ, ಜರಿ ಉರಿಯುತ್ತದೆ ಎಂದು ಕಿರುಚುವ ಎಲ್ಲ ಮಕ್ಕಳೂ ಹಟಮಾರಿಗಳಲ್ಲ. ಕೆಲವರ ಚರ್ಮಕ್ಕೆ, ಆಟಿಸಂ ಇರುವ ಹಲವು ಮಕ್ಕಳಿಗಂತೂ, ಅದು ನಿಜವಾದ ನೋವು. ಮೊದಲು ಚೀಟಿ ಕತ್ತರಿಸಿ.

ಸ್ವೆಟರ್ ಹುಡುಗಿಯ ತಾಯಿಯೊಂದಿಗೆ ಎರಡನೆಯ ಭೇಟಿಯಲ್ಲಿ ಒಂಟಿಯಾಗಿ ಕೂತೆ. ನಿಮ್ಮ ಬಟ್ಟೆ ಯಾರು ಆರಿಸುತ್ತಿದ್ದರು ಎಂದು ಕೇಳಿದೆ. ಅವರು ಸೆರಗು ಎಳೆದುಕೊಂಡರು. ಏಳನೆಯ ತರಗತಿಯ ರಜೆಯಲ್ಲಿ ಅಪ್ಪ ತಮ್ಮ ಫ್ರಾಕುಗಳನ್ನೆಲ್ಲ ಗಂಟು ಕಟ್ಟಿ ಯಾರಿಗೋ ಕೊಟ್ಟುಬಿಟ್ಟ ಕಥೆ ಹೇಳಿದರು. ಅದರಲ್ಲಿ ನೀಲಿಯದೊಂದಿತ್ತಂತೆ, ಜೇಬಿನ ಮೇಲೆ ಬಾತುಕೋಳಿ. ನಲವತ್ತು ದಾಟಿದವರು ಬಾತುಕೋಳಿಯ ಕೊಕ್ಕಿನ ಬಣ್ಣವನ್ನೂ ಹೇಳಿದರು. ನಾನು ಅವರಿಗೆ ಕೊಟ್ಟ ಕೆಲಸ ಒಂದೇ: ಒಂದು ತಿಂಗಳು ಮಗಳ ಬಟ್ಟೆಯ ಬಗ್ಗೆ ಬೈಗುಳವೂ ಬೇಡ, ಹೊಗಳಿಕೆಯೂ ಬೇಡ. ಸ್ವೆಟರ್ ತೆಗೆ ಎಂದೂ ಅನ್ನಬೇಡಿ.

ಮೂರನೆಯ ಭೇಟಿಗೂ ಹುಡುಗಿ ಸ್ವೆಟರ್ ತೊಟ್ಟೇ ಬಂದಳು. ಹತ್ತು ನಿಮಿಷವಾದ ಮೇಲೆ, ಶಾಲೆಯ ಯಾವುದೋ ಜಗಳದ ಕಥೆ ಹೇಳುತ್ತ ಹೇಳುತ್ತ, ತೋಳನ್ನು ಮೊಣಕೈವರೆಗೆ ಏರಿಸಿದಳು. ತಾಯಿಯ ಬಾಯಿ ತೆರೆದದ್ದನ್ನು ಕಂಡೆ. ಅವರು ನನ್ನ ಮುಖ ನೋಡಿದರು, ಬಾಯಿ ಮುಚ್ಚಿದರು, ಎದ್ದು ಹೋಗಿ ಫ್ಯಾನನ್ನು ಒಂದು ನಂಬರ್ ಏರಿಸಿ ಬಂದು ಕುಳಿತರು.