ಮಾರ್ಕೆಟ್ ರಸ್ತೆ ಹೊಸದಾದಾಗ ಸೊಪ್ಪು ಮಾರುವವರು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನಮ್ಮ ಬಡಾವಣೆಯ ಮಾರ್ಕೆಟ್ ರಸ್ತೆಯನ್ನು ಬೆಂಗಳೂರಿನ ಗಾಂಧಿ ಬಜಾರ್ ತರಹ ಹೊಸದಾಗಿ ಮಾಡುತ್ತಾರಂತೆ. ಫುಟ್‌ಪಾತಿನಲ್ಲಿ ಸೊಪ್ಪು, ಹೂವು ಮಾರುವವರನ್ನು ಎಬ್ಬಿಸದೆ ಇದು ಸಾಧ್ಯವೇ? ಕಾನೂನು ಏನು ಹೇಳುತ್ತದೆ?

ಉತ್ತರ: ಖಂಡಿತ ಸಾಧ್ಯ. ಕಾನೂನು ಕೂಡ ಬಹುಮಟ್ಟಿಗೆ ವ್ಯಾಪಾರಿಗಳ ಕಡೆಗೇ ಇದೆ. ಆದರೆ ನಕ್ಷೆ ತಯಾರಾಗುವ ಮೊದಲೇ ಅದನ್ನು ಕೇಳಬೇಕು. ಕಲ್ಲು ಹಾಸಿದ ಮೇಲೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

ನೀವು ಗಾಂಧಿ ಬಜಾರಿನ ಹೆಸರು ಎತ್ತಿದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. 1898ರ ಪ್ಲೇಗಿಗೆ ಹೆದರಿ ಜನ ಪೇಟೆಯ ಇಕ್ಕಟ್ಟು ಬಿಟ್ಟು ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳಿಗೆ ಬಂದರು. ಜನ ಬಂದ ಕಡೆ ವ್ಯಾಪಾರವೂ ಬಂತು. ಬಸವನಗುಡಿಯ ಅಂಥ ಪೇಟೆ ಬೀದಿಯೇ ಗಾಂಧಿ ಬಜಾರ್. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಒಮ್ಮೆ ಗಾಂಧಿ ಬಜಾರಿಗೆ ಹೋಗಿ ನೋಡಿ. ತಾವರೆ ಮೊಗ್ಗು, ತಾಳೆಹೂವು, ಬಾಳೆಕಂದು, ಮಾವಿನ ಸೊಪ್ಪು. ಹೂವಿನಾಕೆ ದಂಡೆಯನ್ನು ಬೆರಳ ತುದಿಯಿಂದ ಮೊಣಕೈವರೆಗೆ ಎಳೆದು ಒಂದು ಮೊಳ ಅಳೆಯುತ್ತಾಳೆ, ಕೊನೆಯಲ್ಲಿ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸಿ ಬಾಳೆಲೆಯಲ್ಲಿ ಸುತ್ತಿ ಕೊಡುತ್ತಾಳೆ. ಎಲ್ಲಾ ಸೇರಿ ಅರ್ಧ ನಿಮಿಷದ ಕೆಲಸ. ಕೊಳ್ಳುವವರು ಚೀಲ ಹೆಗಲಿಗೆ ಹಾಕಿಕೊಂಡು ನಿಂತೇ ಇರುತ್ತಾರೆ, ಮುಂದಿನ ಹೆಜ್ಜೆ ಮನೆ ಕಡೆಗೋ ಬಸ್ ಸ್ಟಾಪಿಗೋ.

ಈ ವ್ಯಾಪಾರ ನಿಂತಿರುವುದೇ ನಡೆದು ಹೋಗುವವರ ಮೇಲೆ. ಇವರನ್ನೆಲ್ಲ ಹೊಸ ಕಟ್ಟಡದ ಎರಡನೇ ಮಹಡಿಗೆ ಕಳಿಸುತ್ತೇವೆ ಎನ್ನುವ ಯೋಜನೆಗಳು ಸೋಲುವುದು ಅದಕ್ಕೇ. ಒಂದು ಕಟ್ಟು ಕೊತ್ತಂಬರಿಗೆ ಯಾರು ಮೆಟ್ಟಿಲು ಹತ್ತುತ್ತಾರೆ? ಜಯನಗರವನ್ನು 1948ರಿಂದ ಅಚ್ಚುಕಟ್ಟಾಗಿ ಯೋಜನೆ ಹಾಕಿಯೇ ಬೆಳೆಸಿದರು, 4ನೇ ಬ್ಲಾಕಿನಲ್ಲಿ ದೊಡ್ಡ ಶಾಪಿಂಗ್ ಕಾಂಪ್ಲೆಕ್ಸನ್ನೂ ಕಟ್ಟಿದರು. ಆದರೂ ಕಾಂಪ್ಲೆಕ್ಸಿನ ಸುತ್ತಲ ಫುಟ್‌ಪಾತುಗಳಲ್ಲಿ ಇನ್ನೊಂದು ಮಾರ್ಕೆಟ್ ತಾನಾಗಿಯೇ ಹುಟ್ಟಿಕೊಂಡಿತು.

ಈಗ ಕಾನೂನಿನ ವಿಷಯ. ಬೀದಿ ಬದಿ ವ್ಯಾಪಾರವೂ ಸಂವಿಧಾನ ಕೊಟ್ಟಿರುವ ವೃತ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ, ಸರ್ಕಾರ ಅದಕ್ಕೆ ನ್ಯಾಯವಾದ ನಿರ್ಬಂಧ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿತ್ತು. ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಬಂದದ್ದು 2014ರಲ್ಲಿ. ಅದರ ಪ್ರಕಾರ ಮೊದಲು ಎಲ್ಲ ವ್ಯಾಪಾರಿಗಳ ಸಮೀಕ್ಷೆ ಆಗಬೇಕು, ಅವರಿಗೆ ವ್ಯಾಪಾರ ಪ್ರಮಾಣಪತ್ರ ಸಿಗಬೇಕು. ಅಲ್ಲಿಯವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಬೇರೆಡೆಗೆ ಸಾಗಿಸುವಂತೆಯೂ ಇಲ್ಲ. ಆಮೇಲೂ ಸ್ಥಳಾಂತರಿಸಬೇಕಾದರೆ 30 ದಿನಗಳ ನೋಟಿಸ್ ಕೊಡಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಬರೆದುಕೊಡಬೇಕು. ವ್ಯಾಪಾರಿ ದಂಡ ಕಟ್ಟಿ ಕೇಳಿದಾಗ ಸೊಪ್ಪು, ಹಣ್ಣಿನಂಥ ಕೆಡುವ ಸರಕನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ವಾಪಸ್ ಮಾಡಬೇಕು. ಈ ಕೊನೆಯ ಮಾತು ತಳ್ಳುಗಾಡಿಯವರಲ್ಲಿ ಬಹಳ ಮಂದಿಗೆ ಗೊತ್ತೇ ಇಲ್ಲ. ದಯವಿಟ್ಟು ನಿಮ್ಮ ಬೀದಿಯವರಿಗೆ ತಿಳಿಸಿ.

ಇನ್ನೊಂದು ಮುಖ್ಯ ಸಂಗತಿ ಇದೆ. ಕೊಳ್ಳುವವರೂ ಮಾರುವವರೂ ಬಹುಕಾಲದಿಂದ ಸೇರುತ್ತ ಬಂದ ಜಾಗವನ್ನು ಕಾಯ್ದೆ ‘ಸಹಜ ಮಾರುಕಟ್ಟೆ’ ಎಂದು ಗುರುತಿಸುತ್ತದೆ. ಸಮೀಕ್ಷೆಯಲ್ಲಿ ಹಾಗೆ ದಾಖಲಾದ ಜಾಗವನ್ನು ವ್ಯಾಪಾರ ನಿಷೇಧ ವಲಯ ಎಂದು ಸಾರುವಂತಿಲ್ಲ. ಐವತ್ತು ವರ್ಷಕ್ಕೂ ಮಿಕ್ಕಿ ವ್ಯಾಪಾರ ನಡೆದಿದ್ದರೆ ಅದು ಪಾರಂಪರಿಕ ಮಾರುಕಟ್ಟೆ. ಅಲ್ಲಿನವರನ್ನು ಕದಲಿಸಬಾರದು. ಎಲ್ಲಿ ಯಾರು ಕೂರಬೇಕೆಂಬ ಯೋಜನೆಗೆ ಪಟ್ಟಣ ವ್ಯಾಪಾರ ಸಮಿತಿಯ ಸಲಹೆ ಪಡೆಯಬೇಕು. ಆ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಾಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು.

ಹಾಗಾದರೆ ನಡೆಯುವವರ ಗತಿ? ಮೊಮ್ಮಗುವಿನ ಕೈಹಿಡಿದು ಬರುವ ಅಜ್ಜಿ ಗಾಡಿಗಳನ್ನು ಸುತ್ತಿಕೊಂಡು ರಸ್ತೆಗೆ ಇಳಿಯಬೇಕಾಗಿ ಬಂದರೆ ಅದೂ ಅನ್ಯಾಯವೇ. ಇದಕ್ಕೆ ಉತ್ತರ ವಿನ್ಯಾಸದಲ್ಲಿದೆ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪ್ರಕಾರ ನಡೆಯಲು ಕನಿಷ್ಠ 1.8 ಮೀಟರ್ ಜಾಗ ಪೂರ್ತಿ ಖಾಲಿ ಇರಬೇಕು. ಪೇಟೆಯ ಬೀದಿಗೆ ಇನ್ನೂ ಹೆಚ್ಚು ಬೇಕು. ಆ ಪಟ್ಟಿಯನ್ನು ಬಿಟ್ಟು, ರಸ್ತೆಯ ಅಂಚಿನಲ್ಲಿ ಮರ, ದೀಪದ ಕಂಬ, ಬೆಂಚುಗಳಿರುವ ಸಾಲಿನಲ್ಲೇ ವ್ಯಾಪಾರಿಗಳಿಗೂ ಅಳತೆ ಹಾಕಿ ಜಾಗ ಕೊಡಬಹುದು. ಮರದ ನೆರಳೂ ಸಿಗುತ್ತದೆ, ಸೊಪ್ಪು ಬೇಗ ಬಾಡುವುದಿಲ್ಲ. ಇಷ್ಟು ಜಾಗ ಎಲ್ಲಿಂದ ತರುವುದು ಎಂದರೆ, ಅಂಗಡಿಗಳ ಮುಂದೆ ದಿನವಿಡೀ ನಿಂತಿರುವ ಕಾರು, ಬೈಕುಗಳ ಜಾಗದಿಂದ. ಗಾಂಧಿ ಬಜಾರಿನಲ್ಲಿ ಕಾಮಗಾರಿ ನಡೆದಾಗ ಅಂಗಡಿಯವರಿಗೆ ಚಿಂತೆಯಾಗಿದ್ದೂ ಈ ಪಾರ್ಕಿಂಗ್ ಬಗ್ಗೆಯೇ. ಆ ಚಿಂತೆ ಸುಳ್ಳಲ್ಲ. ಆದರೆ ಒಂದು ಕಾರು ನಿಲ್ಲುವ ಜಾಗದಲ್ಲಿ ಮೂರು ನಾಲ್ಕು ಹೂವಿನ ಬುಟ್ಟಿಗಳು ಹಿಡಿಯುತ್ತವೆ, ಮತ್ತು ಆ ಬುಟ್ಟಿಗಳಿಗಾಗಿ ಬಂದವರೇ ಪಕ್ಕದ ಗ್ರಂಥಿಗೆ ಅಂಗಡಿಗೂ ಹೋಗುತ್ತಾರೆ. ನನ್ನ ಮಟ್ಟಿಗೆ ಆಯ್ಕೆ ಸ್ಪಷ್ಟ.

ನೀವು ಈಗ ಮಾಡಬಹುದಾದದ್ದು: ಯೋಜನಾ ವರದಿಯ ಪ್ರತಿ, ವ್ಯಾಪಾರಿಗಳ ಸಮೀಕ್ಷೆಯ ಪಟ್ಟಿ, ವ್ಯಾಪಾರ ಸಮಿತಿಯ ಸಭೆಯ ನಡಾವಳಿ, ಈ ಮೂರಕ್ಕೂ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. 30 ದಿನಗಳಲ್ಲಿ ಉತ್ತರ ಬರಬೇಕು. ಬೆಂಗಳೂರಿನವರಾದರೆ, 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿರುವುದರಿಂದ ನಿಮ್ಮ ಬಡಾವಣೆ ಯಾವುದಕ್ಕೆ ಸೇರಿದೆ ಎಂದು ಮೊದಲು ನೋಡಿಕೊಳ್ಳಿ. ನಕ್ಷೆ ಕೈಗೆ ಬಂದಾಗ ವ್ಯಾಪಾರಿಗಳ ಜಾಗ ಅದರಲ್ಲಿ ಗೆರೆ ಹಾಕಿ ತೋರಿಸಿದೆಯೇ, ಕಾಮಗಾರಿ ನಡೆಯುವ ತಿಂಗಳುಗಳಲ್ಲಿ ಅವರು ಎಲ್ಲಿ ಕೂರಬೇಕೆಂದು ಬರೆದಿದೆಯೇ ನೋಡಿ. ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಆರು ತಿಂಗಳು ಬೇರೆಲ್ಲೋ ಕೂತ ವ್ಯಾಪಾರಿಗೆ ವಾಡಿಕೆಯ ಗಿರಾಕಿಗಳು ಕೈತಪ್ಪುತ್ತಾರೆ.

ಅಷ್ಟರೊಳಗೆ ಒಂದು ಸಂಜೆ ಆರು ಗಂಟೆಗೆ ಟೇಪು ಹಿಡಿದು ಬೀದಿಗೆ ಹೋಗಿ ಬನ್ನಿ. ಯಾರು ಎಲ್ಲಿ ಕೂರುತ್ತಾರೆ, ಎಷ್ಟು ವರ್ಷದಿಂದ, ಎಷ್ಟು ಅಡಿಯಲ್ಲಿ ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ, ಫೋಟೋ ತೆಗೆದಿಟ್ಟುಕೊಳ್ಳಿ. ಸರ್ಕಾರಿ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದ ಸೊಪ್ಪಿನ ಅಜ್ಜಿಯ ಪರವಾಗಿ ನಾಳೆ ಸಮಿತಿಯ ಮುಂದೆ ಇಡಲು ಆ ಹಾಳೆ ಬೇಕಾಗುತ್ತದೆ.