ಮಾಲ್ ಮುಚ್ಚಿದರೂ ಪಾರ್ಕಿಂಗ್ ಕರಾರು ಮುಗಿಯುವುದಿಲ್ಲ

ಅಮೆರಿಕದ ಒಹಾಯೊ ರಾಜ್ಯದಲ್ಲಿ, ಕ್ಲೀವ್‌ಲ್ಯಾಂಡ್ ಪಕ್ಕ, ನಾರ್ತ್ ರ‍್ಯಾಂಡಲ್ ಅಂತ ಒಂದು ಪುಟ್ಟ ಊರಿದೆ. ಜನಸಂಖ್ಯೆ ಸಾವಿರದ ಆಸುಪಾಸು. 1976ರಲ್ಲಿ ಅಲ್ಲಿನ ಹಳೆಯ ಕುದುರೆ ರೇಸ್ ಮೈದಾನದಲ್ಲಿ ರ‍್ಯಾಂಡಲ್ ಪಾರ್ಕ್ ಮಾಲ್ ತೆರೆಯಿತು. ಜಗತ್ತಿನ ಅತಿ ದೊಡ್ಡ ಮಾಲ್ ಅಂತ ಆಗ ಅದಕ್ಕೆ ಹೆಸರು. 2009ರಲ್ಲಿ ಅದು ಬಾಗಿಲು ಹಾಕಿತು. ಆಮೇಲೆ ಕಟ್ಟಡವನ್ನು ಕೆಡವಿದರು. 2018ರಿಂದ ಅಲ್ಲಿ ಅಮೆಜಾನ್‌ನ ಗೋದಾಮು ನಡೆಯುತ್ತಿದೆ.

ಇದನ್ನು ಕೇಳಿದ ಕೂಡಲೇ ‘ನೋಡಿ, ಆನ್‌ಲೈನ್ ವ್ಯಾಪಾರ ಮಾಲ್‌ಗಳನ್ನು ನುಂಗಿಹಾಕಿತು’ ಅಂದುಬಿಡುವುದು ಸುಲಭ. ಆದರೆ ಇಸವಿ ನೋಡಿ. ಆ ಮಾಲ್ ಮುಚ್ಚಿದ ವರ್ಷ ಅಮೆರಿಕದ ಚಿಲ್ಲರೆ ವ್ಯಾಪಾರದಲ್ಲಿ ಆನ್‌ಲೈನ್ ಪಾಲು ಬರೀ ಶೇ 4ರಷ್ಟಿತ್ತು. ರೋಗ ಅದಕ್ಕಿಂತ ಹಳೆಯದು. ಅದು ಹುಟ್ಟಿದ್ದು ಎಲ್ಲಿ ಅಂತ ತಿಳಿಯದಿದ್ದರೆ, ಖಾಲಿ ಬಿದ್ದ ಮಾಲ್‌ಗಳ ಜಾಗದಲ್ಲಿ ಹೊಸದಾಗಿ ಏನನ್ನಾದರೂ ಕಟ್ಟುವುದು ಯಾಕಿಷ್ಟು ಕಷ್ಟ ಅನ್ನುವುದೂ ತಿಳಿಯುವುದಿಲ್ಲ.

ಬೇರು ಇರುವುದು ತೆರಿಗೆ ಕಾನೂನಿನಲ್ಲಿ. ಕಟ್ಟಡ ಹಳೆಯದಾದಂತೆ ಬೆಲೆ ಇಳಿಯುತ್ತದೆ ಅಂತ ಲೆಕ್ಕ ಹಿಡಿದು ಮಾಲೀಕರು ಪ್ರತಿ ವರ್ಷ ಒಂದಷ್ಟು ಮೊತ್ತವನ್ನು ಆದಾಯದಿಂದ ಕಳೆಯಬಹುದು. ಇದಕ್ಕೆ ಸವಕಳಿ ಅನ್ನುತ್ತಾರೆ. 1954ಕ್ಕೆ ಮುಂಚೆ ಇದನ್ನು ಹಲವು ದಶಕಗಳಿಗೆ ಸಮನಾಗಿ ಹಂಚಬೇಕಿತ್ತು. ಆ ವರ್ಷ ಅಮೆರಿಕದ ಸಂಸತ್ತು ನಿಯಮ ಬದಲಿಸಿತು. ಹೊಸ ಕಟ್ಟಡವಾದರೆ ಮೊದಲ ಕೆಲವು ವರ್ಷಗಳಲ್ಲೇ ದೊಡ್ಡ ಪಾಲು ಕಳೆಯಬಹುದು ಅಂದಿತು. ಮಾಲ್‌ಗೆ ಕೈತುಂಬ ಬಾಡಿಗೆ ಬರುತ್ತಿದ್ದರೂ ಕಾಗದದ ಮೇಲೆ ನಷ್ಟ ತೋರಿಸಬಹುದಾಯಿತು. ಆ ನಷ್ಟ ತೋರಿಸಿ ಬೇರೆ ಆದಾಯದ ತೆರಿಗೆಯನ್ನೂ ಉಳಿಸಬಹುದಾಯಿತು. ಸವಕಳಿಯ ಲಾಭ ಮುಗಿದ ಮೇಲೆ ಮಾಲ್ ಮಾರಿ, ಇನ್ನೊಂದು ಕಟ್ಟಿದರಾಯಿತು. ಈ ಸವಲತ್ತು ಸಿಗುತ್ತಿದ್ದದ್ದು ಹೊಸದಾಗಿ ಕಟ್ಟಿದವರಿಗೆ. ಹಳೆಯದನ್ನು ರಿಪೇರಿ ಮಾಡಿಸಿ ನಡೆಸಿಕೊಂಡು ಹೋಗುವವರಿಗೆ ಅಂಥ ಲಾಭವಿರಲಿಲ್ಲ. ಹಾಗಾಗಿ ಊರ ಹೊರಗೆ ಅಗ್ಗದ ಹೊಲ ಕೊಂಡು ಕಟ್ಟುವುದೇ ಒಳ್ಳೆಯ ವ್ಯವಹಾರವಾಯಿತು. 1986ರ ತೆರಿಗೆ ಸುಧಾರಣೆ ಈ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತು. ಅಷ್ಟು ಹೊತ್ತಿಗೆ ದೇಶದ ತುಂಬ ಮಾಲ್‌ಗಳು ಎದ್ದಾಗಿತ್ತು.

ಹೊಲದ ನಡುವೆ ಕಟ್ಟಿದರೆ ಗಿರಾಕಿ ಬರಬೇಕಲ್ವಾ? ಅವರನ್ನೂ ಸರ್ಕಾರವೇ ಕರೆತಂದಿತು. 1956ರ ಹೆದ್ದಾರಿ ಕಾಯ್ದೆಯಲ್ಲಿ 41,000 ಮೈಲಿ ರಸ್ತೆಗೆ ಯೋಜನೆಯಾಯಿತು. ಖರ್ಚಿನ ಶೇ 90ರಷ್ಟನ್ನು ಕೇಂದ್ರ ಸರ್ಕಾರವೇ ಹೊತ್ತಿತು. ಉಪನಗರಗಳಲ್ಲಿ ಮನೆ ಕೊಳ್ಳಲು ಸರ್ಕಾರದ ಖಾತರಿಯಿದ್ದ ಸಾಲ ಸಿಕ್ಕಿತು, ಆದರೆ ಬಹುತೇಕ ಬಿಳಿಯರಿಗೆ ಮಾತ್ರ. ಕಪ್ಪು ಜನರ ಬಡಾವಣೆಗಳನ್ನು ಸಾಲದ ನಕ್ಷೆಯಿಂದಲೇ ಹೊರಗಿಟ್ಟರು. ಮಾಲ್‌ಗಳ ಬಗ್ಗೆ ಹಳೆಯ ನೆನಪುಗಳನ್ನು ಅಕ್ಕರೆಯಿಂದ ಹೇಳಿಕೊಳ್ಳುವವರು ಇದನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು.

ಇವತ್ತು ನಾವು ಮಾಲ್ ಅಂದುಕೊಳ್ಳುವ ರೂಪ ಕೊಟ್ಟವರು ವಿಕ್ಟರ್ ಗ್ರುಯೆನ್. ವಿಯೆನ್ನಾದ ಯಹೂದಿ ವಾಸ್ತುಶಿಲ್ಪಿ. 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದವರು. ಮಿನೆಸೋಟದ ಈಡೈನಾದಲ್ಲಿ 1956ರ ಅಕ್ಟೋಬರ್‌ನಲ್ಲಿ ತೆರೆದ ಸೌತ್‌ಡೇಲ್ ಅವರ ವಿನ್ಯಾಸ. ಪೂರ್ತಿ ಸೂರಿನಡಿ ಇದ್ದು, ಒಳಗೆ ವರ್ಷವಿಡೀ ಒಂದೇ ಹವೆ ಇರುವ ಮೊದಲ ಮಾಲ್ ಅದು. ಹೊರಗೆ ಮೈ ಕೊರೆಯುವ ಚಳಿ. ಒಳಗೆ ಮೇಲಿಂದ ಬೆಳಕು ಬೀಳುವ ಅಂಗಳ, ಗಿಡಮರ, ಎತ್ತರದ ಪಂಜರದಲ್ಲಿ ಹಕ್ಕಿಗಳು, ಕೂತು ಕಾಫಿ ಕುಡಿಯಲು ಜಾಗ. ಕಾರಿನೊಳಗೇ ಬದುಕುವ ಉಪನಗರದ ಜನರಿಗೆ ವಿಯೆನ್ನಾದಂಥ ಒಂದು ಪೇಟೆಚೌಕ ಕೊಡಬೇಕು ಅನ್ನುವುದು ಅವರ ಆಸೆಯಾಗಿತ್ತು. ಅವರ ನಕ್ಷೆಯಲ್ಲಿ ಮಾಲ್ ಸುತ್ತ ಮನೆಗಳಿದ್ದವು, ಶಾಲೆ ಇತ್ತು, ಆಸ್ಪತ್ರೆ, ಪಾರ್ಕ್, ಕೆರೆ ಎಲ್ಲ ಇತ್ತು. ಕಟ್ಟಿದ್ದು ಮಾತ್ರ ಅಂಗಡಿ, ಮತ್ತೆ ಸುಮಾರು 5,000 ಕಾರು ನಿಲ್ಲಿಸುವ ಜಾಗ. ಉಳಿದದ್ದು ನಕ್ಷೆಯಲ್ಲೇ ಉಳಿಯಿತು. ಗ್ರುಯೆನ್ ಕೊನೆಗಾಲದಲ್ಲಿ ವಿಯೆನ್ನಾಗೆ ಮರಳಿದರು. 1978ರಲ್ಲಿ ಲಂಡನ್‌ನಲ್ಲಿ ಮಾಡಿದ ಭಾಷಣದಲ್ಲಿ, ತಮ್ಮ ಕಲ್ಪನೆಯನ್ನು ಹೀಗೆ ಕೆಡಿಸಿದವರ ಹೊಣೆ ತಮ್ಮದಲ್ಲ ಅಂತ ಸಿಟ್ಟಿನಿಂದಲೇ ಹೇಳಿದರು. ಆ ಸಿಟ್ಟು ನ್ಯಾಯವಾದದ್ದೇ. ಈಗ ಸೌತ್‌ಡೇಲ್‌ನ ಪಾರ್ಕಿಂಗ್ ಜಾಗದಲ್ಲಿ ಅಪಾರ್ಟ್‌ಮೆಂಟ್, ಹೋಟೆಲ್ ಬಂದಿವೆ. ಅರ್ಧ ಶತಮಾನಕ್ಕೂ ಜಾಸ್ತಿ ತಡವಾಯಿತು, ಅಷ್ಟೇ.

ಹಾಗಂತ ಮಾಲ್‌ಗಳಿಂದ ಜನರಿಗೆ ಏನೂ ಸಿಗಲಿಲ್ಲ ಅಂತಲ್ಲ. ಅಂಗಡಿ ತೆರೆಯುವ ಮುಂಚೆಯೇ ಬಂದು ಕಾರಿಡಾರ್‌ಗಳಲ್ಲಿ ಸುತ್ತು ಹಾಕುವ ವಯಸ್ಸಾದವರಿಗೆ ಅದೇ ವಾಕಿಂಗ್ ಜಾಗ. ಬೀಳುವ ಭಯವಿಲ್ಲ, ಕೂರಲು ಬೆಂಚಿದೆ, ಶೌಚಾಲಯವಿದೆ. ಹತ್ತಿರದಲ್ಲಿ ಬೇರೆ ಎಲ್ಲೂ ಸೇರಲಾಗದ ಹದಿಹರೆಯದವರಿಗೂ ಅದೇ ಅಡ್ಡೆ. ಏನೂ ಕೊಳ್ಳದೆ ಸುಮ್ನೆ ಹೊತ್ತು ಕಳೆಯಲು ಅಲ್ಲಿ ಅವಕಾಶವಿತ್ತು. ಮಾಲ್ ಮುಚ್ಚಿದಾಗ ಇವರಿಗಾದ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಕೊನೆಗೆ ಆದದ್ದು ಇಷ್ಟು: ಬೇಡಿಕೆಗಿಂತ ಅಂಗಡಿಗಳು ಜಾಸ್ತಿಯಾದವು. ಕೆಲವು ವರ್ಷಗಳ ಹಿಂದಿನ ಅಂದಾಜಿನ ಪ್ರಕಾರ ಅಮೆರಿಕದಲ್ಲಿ ತಲಾ ಸುಮಾರು 23 ಚದರ ಅಡಿ ಅಂಗಡಿ ಜಾಗವಿತ್ತು. ಪಕ್ಕದ ಕೆನಡಾದಲ್ಲಿ ಸುಮಾರು 16. ಹೊಸ ಮಾಲ್ ಬಂದಾಗಲೆಲ್ಲ ನಾಲ್ಕಾರು ಮೈಲಿ ಆಚೆಯ ಹಳೆಯ ಮಾಲ್ ಬಡವಾಗುತ್ತಿತ್ತು. ಆನ್‌ಲೈನ್ ವ್ಯಾಪಾರ, 2008ರ ಹಿಂಜರಿತ, ಕೋವಿಡ್ ಇವೆಲ್ಲ ಬಂದು ಹೊಡೆದದ್ದು ಆಗಲೇ ಸೊರಗಿದ್ದ ಮಾಲ್‌ಗಳನ್ನು. ಶ್ರೀಮಂತ ಉಪನಗರಗಳ ದೊಡ್ಡ ಮಾಲ್‌ಗಳು ಈಗಲೂ ಚೆನ್ನಾಗಿಯೇ ನಡೆಯುತ್ತಿವೆ.

ಒಂದು ಮಾಲ್ ಹೇಗೆ ಬೀಳುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಬೇಕು. ಎರಡೂ ತುದಿಯಲ್ಲಿ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳಿರುತ್ತವೆ. ಇವನ್ನು ಆಂಕರ್ ಅನ್ನುತ್ತಾರೆ. ಗಿರಾಕಿಗಳನ್ನು ಎಳೆದು ತರುವುದೇ ಅವು. ಅದಕ್ಕೇ ಅವುಗಳಿಗೆ ಬಾಡಿಗೆ ತೀರಾ ಕಡಿಮೆ. ಎಷ್ಟೋ ಕಡೆ ಕಟ್ಟಡ, ಜಾಗ ಎರಡೂ ಅವುಗಳದೇ. ನಡುವಿನ ಸಣ್ಣ ಅಂಗಡಿಗಳ ಬಾಡಿಗೆಯಿಂದ ಮಾಲ್ ನಡೆಯಬೇಕು. ಆದರೆ ಆ ಅಂಗಡಿಗಳ ಕರಾರಿನಲ್ಲಿ ಸಾಮಾನ್ಯವಾಗಿ ಒಂದು ಷರತ್ತಿರುತ್ತದೆ: ಆಂಕರ್ ಮುಚ್ಚಿದರೆ ನಾವು ಕಡಿಮೆ ಬಾಡಿಗೆ ಕೊಡುತ್ತೇವೆ, ಇಲ್ಲವೇ ಬಿಟ್ಟು ಹೋಗುತ್ತೇವೆ. ಇಂಥ ಆಂಕರ್‌ಗಳಾದ ಸಿಯರ್ಸ್ 2018ರಲ್ಲಿ, ಜೆಸಿ ಪೆನ್ನಿ 2020ರಲ್ಲಿ ದಿವಾಳಿ ಅರ್ಜಿ ಹಾಕಿದವು. ಒಂದು ದೊಡ್ಡ ಬಾಗಿಲು ಮುಚ್ಚಿದ ಮೇಲೆ ಉಳಿದವು ಸಾಲಾಗಿ ಮುಚ್ಚುತ್ತಾ ಹೋಗುವುದಕ್ಕೆ ಈ ಷರತ್ತು ದೊಡ್ಡ ಕಾರಣ.

ಇನ್ನೊಂದು ಕರಾರು ಇದಕ್ಕಿಂತ ಗಟ್ಟಿ. ಮಾಲ್‌ನ ಮಾಲೀಕರು ಮತ್ತು ಆಂಕರ್‌ಗಳು ಸೇರಿ ಮಾಡಿಕೊಂಡದ್ದು. ಪಾರ್ಕಿಂಗ್ ಜಾಗ ಎಷ್ಟಿರಬೇಕು, ಒಳಬರುವ ದಾರಿ ಎಲ್ಲಿರಬೇಕು, ರಸ್ತೆಯಿಂದ ಅಂಗಡಿ ಹೇಗೆ ಕಾಣಬೇಕು ಎಲ್ಲ ಅದರಲ್ಲಿ ಬರೆದಿರುತ್ತದೆ. ಬದಲಿಸಬೇಕಾದರೆ ಎಲ್ಲರೂ ಒಪ್ಪಬೇಕು. ಕ್ರಿಸ್‌ಮಸ್ ಹೊತ್ತಿನ ನೂಕುನುಗ್ಗಲಿಗೆ ಅಂತ ಲೆಕ್ಕ ಹಾಕಿ ಬಿಟ್ಟ ಡಾಂಬರು ಮೈದಾನ ಉಳಿದ ದಿನವೆಲ್ಲ ಖಾಲಿ. ಅಲ್ಲಿ ನಾಲ್ಕು ಮನೆ ಕಟ್ಟೋಣ ಅಂದರೆ, ಮುಚ್ಚಿ ವರ್ಷಗಳಾದ ಅಂಗಡಿಯ ಮಾಲೀಕರೂ ಬೇಡ ಅನ್ನಬಹುದು.

ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಲ್ಯಾಂಡ್‌ಮಾರ್ಕ್ ಮಾಲ್‌ಗೆ ಆದದ್ದೂ ಸುಮಾರು ಇದೇ. 51 ಎಕರೆ ಜಾಗ ಒಬ್ಬರ ಕೈಯಲ್ಲಿರಲಿಲ್ಲ. ಹೊಸ ಯೋಜನೆಗಳು ವರ್ಷಗಟ್ಟಲೆ ಕಾಗದದಲ್ಲೇ ಉಳಿದವು. 2017ರಲ್ಲಿ ಮಾಲ್ ಮುಚ್ಚಿತು. ಮರುವರ್ಷ ಅಲ್ಲಿನ ಖಾಲಿ ಮೇಸೀಸ್ ಅಂಗಡಿ ಸ್ವಲ್ಪ ಕಾಲ ಮನೆಯಿಲ್ಲದವರ ಆಶ್ರಯತಾಣವಾಯಿತು. ಬಟ್ಟೆ ಮಾರುತ್ತಿದ್ದ ಜಾಗದಲ್ಲಿ ಸಾಲಾಗಿ ಹಾಸಿಗೆಗಳು ಬಂದವು. ಕೊನೆಗೆ ಗಂಟು ಬಿಡಿಸಲು ನಗರಾಡಳಿತವೇ ಮುಂದೆ ಬರಬೇಕಾಯಿತು. ಆಸ್ಪತ್ರೆಗೆ ಜಾಗ ಕೊಳ್ಳಲು, ರಸ್ತೆ ಮತ್ತು ಚರಂಡಿ ಮಾಡಿಸಲು 14 ಕೋಟಿ ಡಾಲರ್ ಮೊತ್ತದ ಬಾಂಡ್‌ಗೆ ಒಪ್ಪಿಗೆ ಕೊಟ್ಟಿತು. ಮಾಲ್ ಕೆಡವಿಯಾಗಿದೆ. ಅಲ್ಲಿ ಆಸ್ಪತ್ರೆ ಮತ್ತು ಸುಮಾರು 2,500 ಮನೆಗಳ ಯೋಜನೆ ಇದೆ.

ಕೆಲವು ಕಡೆ ಬೇಗ ದಾರಿ ಸಿಕ್ಕಿತು. ಕೊಲರಾಡೊದ ಲೇಕ್‌ವುಡ್‌ನಲ್ಲಿ ವಿಲ್ಲಾ ಇಟಾಲಿಯಾ ಮಾಲ್ ಕೆಡವಿ 22 ಬ್ಲಾಕ್‌ಗಳ ಬೆಲ್ಮಾರ್ ಬಡಾವಣೆ ಕಟ್ಟಿದರು. ಅದು 2004ರಲ್ಲೇ ತೆರೆಯಿತು. ಆಸ್ಟಿನ್‌ನ ಹೈಲ್ಯಾಂಡ್ ಮಾಲ್ ಈಗ ಕಮ್ಯುನಿಟಿ ಕಾಲೇಜು. ಹಿಂದೆ ಜೆಸಿ ಪೆನ್ನಿ ಅಂಗಡಿ ಇದ್ದ ಜಾಗದಲ್ಲಿ ವಿದ್ಯಾರ್ಥಿಗಳು ಕಂಪ್ಯೂಟರ್ ಮುಂದೆ ಕೂತು ಗಣಿತ ಕಲಿಯುತ್ತಾರೆ. ನ್ಯಾಶ್‌ವಿಲ್‌ನ ಒನ್ ಹಂಡ್ರೆಡ್ ಓಕ್ಸ್‌ನ ಮೇಲಿನ ಮಹಡಿಯಲ್ಲಿ 2009ರಿಂದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ಕ್ಲಿನಿಕ್‌ಗಳಿವೆ.

ಕ್ಯಾಲಿಫೋರ್ನಿಯಾದಲ್ಲಿ ತೆರಿಗೆಯೇ ಇನ್ನೊಂದು ಅಡ್ಡಿ. ಅಲ್ಲಿ 1978ರಿಂದ ಆಸ್ತಿ ತೆರಿಗೆಗೆ ಮಿತಿ ಇದೆ. ಅಂಗಡಿಯಾದರೆ ನಗರಕ್ಕೆ ಮಾರಾಟ ತೆರಿಗೆ ಬರುತ್ತದೆ. ಮನೆಯಾದರೆ ಬರುವ ತೆರಿಗೆ ಕಡಿಮೆ, ನೀರು, ರಸ್ತೆ ಅಂತ ಖರ್ಚು ಬರುತ್ತದೆ. ಹಾಗಾಗಿ ಸತ್ತ ಮಾಲ್‌ನ ಜಾಗವನ್ನೂ ವ್ಯಾಪಾರಕ್ಕೇ ಮೀಸಲಿಡುವ ಆಸೆ ಹೋಗುವುದಿಲ್ಲ. ಕುಪರ್ಟಿನೊದ ವ್ಯಾಲ್ಕೊ ಮಾಲ್ ವಿಚಾರ 2016ರಲ್ಲಿ ಮತಪೆಟ್ಟಿಗೆಗೆ ಹೋಯಿತು. ಅಲ್ಲಿ ಹೊಸದು ಕಟ್ಟುವುದರ ಪರವಾದ ಪ್ರಸ್ತಾವವೂ ಬಿತ್ತು, ವಿರುದ್ಧವಾದದ್ದೂ ಬಿತ್ತು. 2018ರಲ್ಲಿ ಡೆವಲಪರ್ ರಾಜ್ಯದ ಹೊಸ ಕಾನೂನು ಹಿಡಿದು 2,402 ಮನೆಗಳಿಗೆ ಒಪ್ಪಿಗೆ ಪಡೆದರು. ಮೇಲೆ ಕೋರ್ಟ್ ಕೇಸು ಬಂತು. ಮಾಲ್ ಬಿತ್ತು, ಮನೆಗಳು ಮಾತ್ರ ಬೇಗ ಏಳಲಿಲ್ಲ. ವ್ಯಾಪಾರದ ಜಾಗದಲ್ಲಿ ಮನೆ ಕಟ್ಟುವುದನ್ನು ಸುಲಭ ಮಾಡುವ ಕಾನೂನನ್ನು ಕ್ಯಾಲಿಫೋರ್ನಿಯಾ 2022ರಲ್ಲಿ, ಫ್ಲೋರಿಡಾ 2023ರಲ್ಲಿ ತಂದವು. ಇವು ನಗರಗಳ ತಕರಾರನ್ನು ದಾಟಬಲ್ಲವು. ಆದರೆ ಆಂಕರ್‌ಗಳ ಖಾಸಗಿ ಕರಾರು ಅದರ ಪಾಡಿಗೆ ಹಾಗೇ ಇರುತ್ತದೆ. ಅದನ್ನು ಬಿಡಿಸಲು ಯಾರಾದರೂ ಎಲ್ಲ ತುಂಡುಗಳನ್ನು ಕೊಳ್ಳಲೇಬೇಕು.

ಕೆಡವದೆಯೂ ಬದುಕಿದ ಮಾಲ್‌ಗಳಿವೆ. ನನಗೆ ಹೆಚ್ಚು ಭರವಸೆ ಕಾಣುವುದು ಅಲ್ಲೇ. ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ 1962ರಲ್ಲಿ ತೆರೆದ ಸೆಮಿನರಿ ಸೌತ್ ನೆಲಕಚ್ಚಿತ್ತು. ಅದೀಗ ಲಾ ಗ್ರಾನ್ ಪ್ಲಾಜಾ. ಸುತ್ತಲಿನ ಮೆಕ್ಸಿಕನ್ ಮೂಲದ ಕುಟುಂಬಗಳಿಗಾಗಿ ಜಾಗವನ್ನು ಸಣ್ಣ ಸಣ್ಣ ಮಳಿಗೆಗಳಾಗಿ ಒಡೆದು ಬಾಡಿಗೆಗೆ ಕೊಟ್ಟರು. ವಾರಾಂತ್ಯಕ್ಕೆ ಸಂಗೀತ ಇಟ್ಟರು. ಅಟ್ಲಾಂಟಾದ ಪ್ಲಾಜಾ ಫಿಯೆಸ್ಟಾ ಕೂಡ ಹೀಗೇ ಚೇತರಿಸಿಕೊಂಡದ್ದು. ಹೊಸದಾಗಿ ಬಂದ ವಲಸಿಗರು ಅಂಗಡಿ ಇಡಲು ಸಾಧ್ಯವಾಗುವುದೇ ಇಂಥ ಕಟ್ಟಡಗಳ ಬಾಡಿಗೆ ಕಡಿಮೆ ಇರುವುದರಿಂದ. ಕೆಡವಿ ಹೊಸದು ಕಟ್ಟಿದರೆ ಅವರಿಗೆ ಆ ಬಾಡಿಗೆ ಕೊಡಲಾಗುವುದಿಲ್ಲ. ಪುನರಾಭಿವೃದ್ಧಿಗೆ ಒಪ್ಪಿಗೆ ಕೊಡುವ ನಗರಗಳು ಇವರಿಗೆ ಹೊಸ ಕಟ್ಟಡದಲ್ಲಿ ಹಳೆಯ ಬಾಡಿಗೆಗೇ ಜಾಗ ಬರೆಸಿಕೊಳ್ಳಬೇಕು, ಅದೂ ಮೊದಲ ಗೋಡೆ ಬೀಳುವ ಮುಂಚೆ.