ಚೀಟಿ ಸುಟ್ಟವರ ಬಳಿ ದಾಖಲೆ ಕೇಳಿದ ಕಾನೂನು

ಇಟಲಿಯ ಫ್ಯಾಸಿಸ್ಟ್ ವಿರೋಧಿ ಹೋರಾಟದಲ್ಲಿ ಹೆಂಗಸರು ಎಷ್ಟು ಮಂದಿ ಇದ್ದರು? ಸಾಮಾನ್ಯವಾಗಿ ಹೇಳುವ ಲೆಕ್ಕ 35,000. ಅದು ಕಡಿಮೆಯಾಯಿತು ಎನ್ನುವವರೇ ಹೆಚ್ಚು. ಈ ಗೋಜಲು ಬಿಡಿಸಲು, ಆ ಹೋರಾಟದಲ್ಲಿದ್ದು ಮುಂದೆ ಸಚಿವೆಯಾದ ಟೀನಾ ಆನ್ಸೆಲ್ಮಿ ಅವರ ಬದುಕಿನಿಂದ ಶುರುಮಾಡಬಹುದು.

1922ರಲ್ಲಿ ಗದ್ದುಗೆ ಏರಿದ ಫ್ಯಾಸಿಸ್ಟ್ ಸರ್ವಾಧಿಕಾರಿ ಮುಸ್ಸೊಲಿನಿ 1943ರ ಜುಲೈನಲ್ಲಿ ಇಳಿದ. ಸೆಪ್ಟೆಂಬರ್ ಹೊತ್ತಿಗೆ ಇಟಲಿ ಶರಣಾಗಿ, ಉತ್ತರ ಭಾಗ ಜರ್ಮನ್ ಸೇನೆಯ ಹಿಡಿತಕ್ಕೆ ಹೋಯಿತು. 1944ರ ಸೆಪ್ಟೆಂಬರ್ 26ರಂದು ಗ್ರಾಪ್ಪ ಬೆಟ್ಟದ ಬುಡದ ಬಸ್ಸಾನೊದಲ್ಲಿ ಜರ್ಮನ್ನರೂ ಫ್ಯಾಸಿಸ್ಟರೂ ಸೇರಿ ಸೆರೆಸಿಕ್ಕ 31 ಮಂದಿಯನ್ನು ಸಾಲುಮರಗಳಿಗೆ ನೇಣು ಹಾಕಿ, ಶಾಲೆಯ ಮಕ್ಕಳನ್ನು ಕರೆತಂದು ತೋರಿಸಿದರು. ಶಿಕ್ಷಕಿಯಾಗಲು ಓದುತ್ತಿದ್ದ 17ರ ಟೀನಾ ಹಾಗೆ ನೋಡಬೇಕಾಗಿ ಬಂದ ಮಕ್ಕಳಲ್ಲೊಬ್ಬರು. ಆಮೇಲೆ ಅವರು ಹೋರಾಟಗಾರರ ದಳವಾದ ಬಾತ್ತಿಸ್ತಿ ಬ್ರಿಗೇಡಿನ ‘ಸ್ತಾಫೆತ್ತಾ’ ಆದರು, ಅಂದರೆ ಸುದ್ದಿ ಸಾಗಿಸುವವರು. ಗುಪ್ತ ಹೆಸರು ಗಾಬ್ರಿಯೆಲ್ಲಾ.

ಈ ಕೆಲಸಕ್ಕೆ ಹುಡುಗಿಯರೇ ಏಕೆ? ಪ್ರಾಯದ ಗಂಡು ದಾರಿಯಲ್ಲಿ ಕಂಡರೆ ಸೈನ್ಯಕ್ಕೆ ಏಕೆ ಸೇರಿಲ್ಲ ಎಂದು ಹಿಡಿಯುತ್ತಿದ್ದರು. ಸೈಕಲ್ಲಿಗೆ ಚೀಲ ನೇತುಹಾಕಿದ ಹುಡುಗಿಗೆ ಹಿಟ್ಟು ತರಲು ಹೊರಟೆ ಎಂಬ ನೆಪ ಸಾಕು. ತೆಳು ಕಾಗದದ ಚೀಟಿ ಸೀಟಿನ ಕೆಳಗಿನ ಕೊಳವೆಯಲ್ಲೋ ಜಡೆಯಲ್ಲೋ ಇರುತ್ತಿತ್ತು, ಮದ್ದುಗುಂಡು ತರಕಾರಿಯಡಿ. ಚಿಕ್ಕ ಸುದ್ದಿಯಾದರೆ ಬಾಯಿಪಾಠ. ಓದಿದ ಚೀಟಿ ಸುಡಬೇಕು. ಮುಂದಿನವರ ನಿಜ ಹೆಸರು ಕೇಳಬಾರದು, ಸಿಕ್ಕಿಬಿದ್ದರೆ ಬಾಯಿಬಿಡಲು ಏನೂ ಇರಬಾರದು. ಕೆಲಸ ಕೆಡುತ್ತಿದ್ದುದು ಸಣ್ಣ ಸಂಗತಿಗಳಿಂದ. ಟೈರೇ ಸಿಗದ ಕಾಲದಲ್ಲಿ ಪಂಕ್ಚರ್ ಆದರೆ ಕರ್ಫ್ಯೂಗೆ ಮೊದಲು ಮನೆ ಸೇರುವಂತಿಲ್ಲ. ದಿನಾ ಒಂದೇ ಚೆಕ್‌ಪೋಸ್ಟ್ ದಾಟಿದರೆ ಕಾವಲಿನವನಿಗೆ ಮುಖ ಪರಿಚಯವಾಗುತ್ತದೆ. (ರೋಮ್‌ನಲ್ಲಿ ಜರ್ಮನ್ನರು ಸೈಕಲ್ಲನ್ನೇ ನಿಷೇಧಿಸಿದಾಗ ಜನ ಮೂರನೇ ಚಕ್ರ ಸಿಕ್ಕಿಸಿಕೊಂಡು ಓಡಾಡಿದರು!)

ಯುದ್ಧ ಮುಗಿಯಿತು. 1945ರ ಮೇ 6ರ ಟ್ಯೂರಿನ್ ವಿಜಯ ಮೆರವಣಿಗೆಯಲ್ಲಿ ಕಮ್ಯುನಿಸ್ಟರ ನೇತೃತ್ವದ ಗಾರಿಬಾಲ್ಡಿ ಬ್ರಿಗೇಡುಗಳ ಹೆಂಗಸರಿಗೆ, ಜನ ಏನೆಂದಾರು ಎಂಬ ಅಳುಕಿನಿಂದ, ಜಾಗವಿರಲಿಲ್ಲ. ಆಗಸ್ಟ್‌ನಲ್ಲಿ ಬಂದ ಸರ್ಕಾರದ 518ನೇ ಸಂಖ್ಯೆಯ ಆದೇಶ ‘ಹೋರಾಟಗಾರ’ ಎನಿಸಿಕೊಳ್ಳಲು ಸಶಸ್ತ್ರ ದಳದಲ್ಲಿ 3 ತಿಂಗಳು ಹಾಗೂ ಕನಿಷ್ಠ 3 ಕಾರ್ಯಾಚರಣೆ ಕೇಳಿತು. ಕಮಾಂಡ್, ಮಾಹಿತಿ, ಸರಬರಾಜು ವಿಭಾಗದವರಿಗೆ 6 ತಿಂಗಳ ಸೇವೆ. ಬಂದೂಕಿನವರಿಗೆ ಹೊಲಿದ ಅಳತೆ ಅದು. ಸುದ್ದಿ ಒಯ್ದವರಿಗೆ ದಳಪತಿಯ ಮಾತೇ ಆಧಾರ. ಕಾಗದ ಉಳಿಸಬಾರದು ಎಂಬುದೇ ಅವರ ಶಿಸ್ತಾಗಿತ್ತಲ್ಲ. ಎಷ್ಟೋ ಮಂದಿ ಅರ್ಜಿಯನ್ನೇ ಹಾಕಲಿಲ್ಲ, ಹಾಗಾಗಿ ಲೆಕ್ಕಕ್ಕೂ ಸೇರಲಿಲ್ಲ.

ಟೀನಾ 1968ರಲ್ಲಿ ಸಂಸತ್ತಿಗೆ, 1976ರಲ್ಲಿ ಕಾರ್ಮಿಕ ಖಾತೆಗೆ ಬಂದರು, ಇಟಲಿಯ ಮೊದಲ ಮಹಿಳಾ ಸಚಿವೆಯಾಗಿ. 1978ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯ ಕಾನೂನು ಬಂದಾಗ ಆರೋಗ್ಯ ಸಚಿವೆ ಅವರೇ. 2016ರಲ್ಲಿ ತೀರಿಕೊಂಡರು. ಓಡಿಬಂದವರನ್ನು ಅಟ್ಟದಲ್ಲಿ ಬಚ್ಚಿಟ್ಟು ಅನ್ನ ಹಾಕಿದ ಮನೆಯಾಕೆ ಮಾತ್ರ 518ರ ‘ಹೋರಾಟಗಾರ’ ಎಂಬ ಅಳತೆಗೆ ಸಿಕ್ಕಲಿಲ್ಲ.